ಆರದ ಕೆಂಪು ದೀಪ ಏನು ಹೇಳುತ್ತಿದೆ?

ಸಂಜೆ ದೇವರ ಮುಂದೆ ದೀಪ ಉರಿದರೆ ಮನೆಗೆ ಲಕ್ಷಣ. ಆದರೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಕೆಂಪು ದೀಪ ಹಗಲೂ ರಾತ್ರಿ ಉರಿಯುತ್ತಲೇ ಇದ್ದರೆ?

ನಮ್ಮನೆ ಕಾರಿಗೆ ಈಗ ಹನ್ನೆರಡು ವರ್ಷ. ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಮಕ್ಕಳನ್ನು ಸ್ಕೂಲಿಗೆ ಬಿಡುವುದು, ತರಕಾರಿ ತರುವುದು, ಅತ್ತೆಯವರನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು, ಎಲ್ಲಕ್ಕೂ ನನ್ನದೇ ಸಾರಥ್ಯ. ಒಂದು ದಿನ ಕೀ ತಿರುಗಿಸಿದಾಗ, ಕುಳಿತ ಮನುಷ್ಯನ ಮುಂದೆ ದುಂಡನೆಯ ಚೆಂಡು ಇಟ್ಟಂತಿರುವ ಚಿತ್ರದ ದೀಪ ಹೊತ್ತಿಕೊಂಡಿದ್ದು ಆರಲೇ ಇಲ್ಲ. ಯಜಮಾನರಿಗೆ ಹೇಳಿದರೆ, "ಗಾಡಿ ಓಡ್ತಾ ಇದೆಯಲ್ಲ, ಹಳೇ ಕಾರು ಅಂದ್ರೆ ಹೀಗೇ. ಯಾಕೆ ತಲೆ ಕೆಡಿಸ್ಕೋತೀಯಾ?" ಅಂದರು. ನಾನೂ ಎರಡು ತಿಂಗಳು ಹಾಗೇ ಓಡಿಸಿದೆ. ತಪ್ಪಾಗಿದ್ದು ಅಲ್ಲೇ ನೋಡಿ!

ಅದು ಏರ್‌ಬ್ಯಾಗ್ ದೀಪ. ಕೀ ತಿರುಗಿಸಿದಾಗ ಕೆಲವು ಸೆಕೆಂಡ್ ಉರಿದು ತಾನಾಗಿ ಆರಬೇಕು. ಆರದಿದ್ದರೆ ಅಥವಾ ಮಿಣುಕುತ್ತಲೇ ಇದ್ದರೆ, ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಎಲ್ಲೋ ದೋಷವಿದೆ ಎಂದರ್ಥ. ಅಪಘಾತವಾದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳದೇ ಹೋಗಬಹುದು. ಎಂಜಿನ್‌ಗೆ ಏನೂ ಆಗಿರುವುದಿಲ್ಲ, ಗಾಡಿ ಆರಾಮಾಗಿ ಓಡುತ್ತದೆ. ಅದಕ್ಕೇ ನಾವು ಉದಾಸೀನ ಮಾಡುವುದು.

ಮೊದಲು ಹೋದ ಗ್ಯಾರೇಜಿನವನು, "ಬಲ್ಬ್ ತೆಗೆದುಬಿಡ್ತೀನಿ ಮೇಡಂ, ಟೆನ್ಷನ್ನೇ ಇರಲ್ಲ" ಅಂದ. ಜ್ವರ ಬಂತು ಅಂತ ಥರ್ಮಾಮೀಟರ್ ಒಡೆದುಹಾಕಿದ ಹಾಗೆ! ಬೇಡಪ್ಪಾ ಎಂದು ವಾಪಸ್ ಬಂದೆ.

ಎರಡನೇ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಿದರು. ದೋಷ ಚಾಲಕರ ಏರ್‌ಬ್ಯಾಗ್ ಕಡೆಗೆ ಎಂದು ಕೋಡ್ ಹೇಳಿತು. ಆಮೇಲೆ ಅವರು ಕೇಳಿದ್ದು, "ಹಾರ್ನ್ ಸರಿಯಾಗಿ ಹೊಡೀತಾ ಮೇಡಂ?" ನನಗೆ ತಟ್ಟನೆ ನೆನಪಾಯಿತು. ತಿರುವಿನಲ್ಲಿ ಒಮ್ಮೊಮ್ಮೆ ಹಾರ್ನ್ ಕೂಗುತ್ತಲೇ ಇರಲಿಲ್ಲ! ಬಟನ್ ಹಳೇದಾಗಿದೆ ಅಂದುಕೊಂಡಿದ್ದೆ. ಸ್ಟೀರಿಂಗ್ ಒಳಗೆ 'ಕ್ಲಾಕ್ ಸ್ಪ್ರಿಂಗ್' ಎಂಬ ಸುರುಳಿ ಪಟ್ಟಿ ಇರುತ್ತದೆ. ಚಕ್ರ ಎಷ್ಟು ತಿರುಗಿದರೂ ಹಾರ್ನ್‌ಗೂ ಏರ್‌ಬ್ಯಾಗ್‌ಗೂ ಸಂಪರ್ಕ ತಪ್ಪದಂತೆ ನೋಡಿಕೊಳ್ಳುವುದು ಅದೇ. ವರ್ಷಗಟ್ಟಲೆ ತಿರುಗಿ ಅದು ಸವೆದಿತ್ತು. ಹೊಸದು ಹಾಕಿ, ಕೋಡ್ ಅಳಿಸಿದ ಮೇಲೆ ದೀಪ ಆರಿತು.

ನಿಮ್ಮ ಕಾರಿನಲ್ಲೂ ಹೀಗಾದರೆ ಇವನ್ನು ಗಮನಿಸಿ:

* ಮುಂದಿನ ಸೀಟಿನ ಕೆಳಗೆ ಚೀಲ, ಕೊಡೆ, ನೀರಿನ ಬಾಟಲಿ ತುರುಕಿದ್ದೀರಾ? ಅಲ್ಲಿರುವ ವೈರಿನ ಕನೆಕ್ಟರ್ ಸಡಿಲವಾಗುವುದು ತೀರಾ ಸಾಮಾನ್ಯ. ಸಾಮಾನು ತೆಗೆಯಿರಿ, ಆದರೆ ಹಳದಿ ಬಣ್ಣದ ವೈರು, ಕನೆಕ್ಟರ್‌ಗಳನ್ನು ಎಳೆಯಬೇಡಿ. ಅವು ಸಾಮಾನ್ಯವಾಗಿ ಏರ್‌ಬ್ಯಾಗ್‌ಗೆ ಸೇರಿದವು.

* ಮಳೆ ನೀರು ಒಳಗೆ ಬಂದಿತ್ತೇ? ಬ್ಯಾಟರಿ ವೀಕ್ ಆಗಿತ್ತೇ? ಸೀಟ್ ಬೆಲ್ಟ್ ಬಕಲ್ ತೊಂದರೆ ಕೊಡುತ್ತಿದೆಯೇ? ಡಾಕ್ಟರಿಗೆ ಹೇಳುವಂತೆ ಎಲ್ಲವನ್ನೂ ಹೇಳಿ.

* ಅಗ್ಗದ ಸ್ಕ್ಯಾನರ್‌ಗಳು ಬಹುಪಾಲು ಎಂಜಿನ್ ಕೋಡ್ ಮಾತ್ರ ಓದುತ್ತವೆ. ಏರ್‌ಬ್ಯಾಗ್ ಕೋಡ್ ಓದುವ ಸ್ಕ್ಯಾನರ್ ಇದೆಯೇ ಎಂದು ಮೊದಲೇ ಕೇಳಿ.

* ಕೋಡ್ ಅಳಿಸಿದರಷ್ಟೇ ಸಾಲದು. ಕಾರಣ ಸರಿಪಡಿಸದಿದ್ದರೆ ದೀಪ ಮತ್ತೆ ಬರುತ್ತದೆ.

* ಮನೆಯಲ್ಲಿ ಯಾರೂ ಟೆಸ್ಟರ್, ಮೀಟರ್ ಹಿಡಿದು ಏರ್‌ಬ್ಯಾಗ್ ಪರೀಕ್ಷಿಸಬಾರದು. ಅದರೊಳಗೆ ಸ್ಫೋಟಕ ಇರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿದು ಉಬ್ಬುತ್ತದೆ. ತಿಳಿದವರು ಬ್ಯಾಟರಿ ಸಂಪರ್ಕ ತೆಗೆದು, ಕೆಲವು ನಿಮಿಷ ಕಾದೇ ಕೈ ಹಾಕುತ್ತಾರೆ.

* ದೀಪ ಉರಿಯಲಿ, ಆರಲಿ, ಸೀಟ್ ಬೆಲ್ಟ್ ಹಾಕಲೇಬೇಕು. ಏರ್‌ಬ್ಯಾಗ್ ಇರುವುದು ಬೆಲ್ಟಿಗೆ ಜೊತೆಯಾಗಿ, ಬದಲಿಗಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂರುವುದಂತೂ ಬೇಡವೇ ಬೇಡ.

ಹಳೇ ಕಾರು ಕೊಳ್ಳುವವರಿಗೆ ಇನ್ನೊಂದು ಮಾತು. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2019ರ ಜುಲೈನಿಂದ. ಅದಕ್ಕೂ ಹಿಂದಿನ ಕಾರಾದರೆ ಏರ್‌ಬ್ಯಾಗ್ ಇದೆಯೇ ಎಂದು ವಿಚಾರಿಸಿ. ಇದ್ದರೆ, ಕೀ ತಿರುಗಿಸಿದಾಗ ದೀಪ ಒಮ್ಮೆ ಉರಿಯುತ್ತದೆಯೇ ನೋಡಿ. ಉರಿಯಲೇ ಇಲ್ಲವೆಂದರೆ ಯಾರೋ ಬಲ್ಬ್ ತೆಗೆದು ದೋಷ ಮುಚ್ಚಿರಬಹುದು!

ರಿಪೇರಿ ಚೀಟಿ ನೋಡಿದ ಯಜಮಾನರು, "ಕೆಟ್ಟಿದ್ದು ನಿನ್ನ ಮುಂದಿನ ಏರ್‌ಬ್ಯಾಗಾ?" ಎಂದು ಕೇಳಿ ಸುಮ್ಮನಾದರು. ಅವರೊಬ್ಬರದೇ ತಪ್ಪಲ್ಲ ಬಿಡಿ. ಮಗುವಿಗೆ ಒಂದು ಸೀನು ಬಂದರೆ ಓಡುವ ನಾನು, ನನ್ನ ಎದೆಯ ಮುಂದೆಯೇ ಉರಿಯುತ್ತಿದ್ದ ದೀಪವನ್ನು ಎರಡು ತಿಂಗಳು ನೋಡಿಯೂ ನೋಡದಂತಿದ್ದೆನಲ್ಲ! ನಾಳೆ ಬೆಳಿಗ್ಗೆ ಕೀ ತಿರುಗಿಸುವಾಗ ನೀವೂ ಒಂದು ಕ್ಷಣ ಆ ದೀಪದ ಕಡೆ ನೋಡಿ. ಮನೆಯವರಿಗೆಲ್ಲ ನೀವು ಕ್ಷೇಮವಾಗಿ ಹಿಂದಿರುಗುವುದೇ ಮುಖ್ಯ, ಅಲ್ಲವೇ?