ಕಸವೇ ಬಡಿಯುವ ಫ್ಯಾನು

ಜಮಖಾನದ ಧೂಳು ಬರೀ ಗುಡಿಸಿದರೆ ಹೋಗುವುದಿಲ್ಲ. ಅಂಗಳದ ಹಗ್ಗಕ್ಕೆ ಹಾಕಿ ಕೋಲಿನಿಂದ ನಾಲ್ಕು ಬಡಿದರೆ ಮಾತ್ರ ನೂಲಿನ ಬುಡದಲ್ಲಿ ಕೂತ ಮರಳು ಉದುರುತ್ತದೆ. ಅಮೆರಿಕದ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟನ್ನು ಹೀಗೆ ಎತ್ತಿ ತರಲಾಗದು. ಕೋಲನ್ನೇ ಕಾರ್ಪೆಟ್ಟಿನ ಬಳಿಗೆ ಒಯ್ದ ಯಂತ್ರವೇ ಅಲ್ಲಿನ ಅಪ್‌ರೈಟ್, ನಿಂತುಕೊಂಡು ದೂಡುವ ವ್ಯಾಕ್ಯೂಮ್ ಕ್ಲೀನರ್.

ಓಹಿಯೊದ ಕ್ಯಾಂಟನ್ನಿನಲ್ಲಿ ಅಂಗಡಿಯೊಂದರ ಕಸ ಗುಡಿಸುತ್ತಿದ್ದ ಜೇಮ್ಸ್ ಸ್ಪ್ಯಾಂಗ್ಲರ್‌ಗೆ ಉಬ್ಬಸ. ಧೂಳು ತಾಳಲಾರದೆ ಫ್ಯಾನಿನ ಮೋಟಾರು, ಸೋಪಿನ ಪೆಟ್ಟಿಗೆ, ಪೊರಕೆಯ ಹಿಡಿ, ದಿಂಬಿನ ಕವರು ಜೋಡಿಸಿ ಯಂತ್ರವೊಂದನ್ನು ಕಟ್ಟಿದರು. 1908ರಲ್ಲಿ ಪೇಟೆಂಟ್ ಸಿಕ್ಕಿತು; ಅದನ್ನು ಕೊಂಡವರು ಚರ್ಮದ ಸಾಮಾನು ತಯಾರಿಸುತ್ತಿದ್ದ ವಿಲಿಯಂ ಹೂವರ್. 1926ರ ಹೂವರ್ 700ರಲ್ಲಿ ಬ್ರಷ್ಷಿನ ಉರುಳೆಗೆ ಲೋಹದ ಪಟ್ಟಿಗಳು ಸೇರಿದವು. ಗಾಳಿಯ ಸೆಳೆತಕ್ಕೆ ಕಾರ್ಪೆಟ್ ತುಸು ಮೇಲೇಳುತ್ತದೆ, ಪಟ್ಟಿ ಅದನ್ನು ಪಟಪಟನೆ ಬಡಿಯುತ್ತದೆ.

ಈ ಯಂತ್ರಗಳ ಗಟ್ಟಿತನದ ಗುಟ್ಟು ಫ್ಯಾನಿನಲ್ಲಿದೆ. ಬಾಯಿಯ ಹಿಂದೆ ಗೇಣು ದೂರದೊಳಗೇ ಫ್ಯಾನು, ಅದರಾಚೆ ಬಟ್ಟೆಯ ಚೀಲ. ಉದ್ದನೆಯ ಕೊಳವೆಯಲ್ಲಿ ತಿಕ್ಕಾಡಿ ಸೊರಗಬೇಕಾದ ಕಷ್ಟ ಗಾಳಿಗಿಲ್ಲ. ಹಾಗಾಗಿ ಕೆಲವೇ ನೂರು ವಾಟ್ ಮೋಟಾರಿನಲ್ಲೂ ಹೇರಳ ಗಾಳಿ ಹರಿಯುತ್ತದೆ. ಹೆಚ್ಚು ವಾಟ್ ಇದ್ದರೆ ಹೆಚ್ಚು ಸ್ವಚ್ಛ ಎಂಬ ಜಾಹೀರಾತಿನ ಲೆಕ್ಕ ಸರಿಯಲ್ಲ. ಯುರೋಪಿನ ಒಕ್ಕೂಟ 2017ರಲ್ಲಿ 900 ವಾಟ್‌ಗೆ ಮಿತಿ ಹಾಕಿದ ಮೇಲೂ ಕಾರ್ಪೆಟ್ಟುಗಳು ಸ್ವಚ್ಛವಾಗುತ್ತಲೇ ಇವೆ. ಆದರೆ ಗಿಡ್ಡ ದಾರಿಗೆ ಬೆಲೆ ತೆರಬೇಕು: ಕಸವೆಲ್ಲ ಫ್ಯಾನಿನ ಮೂಲಕವೇ ಹಾಯುತ್ತದೆ. ಮೊಳೆ, ನಾಣ್ಯ, ಕಲ್ಲುಚೂರು, ಯಾವುದು ಬಂದರೂ ತಿರುಗುವ ರೆಕ್ಕೆಗೆ ಹೊಡೆತ. ಅದಕ್ಕೇ ರೆಕ್ಕೆಯೂ ಅದರ ಗೂಡೂ ಲೋಹದವಾಗಬೇಕಾಯಿತು.

ಅದೇ ಲೋಹವನ್ನು ಹೂವರ್ ಮತ್ತು ಕಿರ್ಬಿ ಕಂಪನಿಗಳು ಎರಡು ಬಗೆಯಲ್ಲಿ ಪಳಗಿಸಿದವು. ಹೆನ್ರಿ ಡ್ರೈಫಸ್ ರೂಪಿಸಿದ 1936ರ ಹೂವರ್ 150ರಲ್ಲಿ ಭಾರ ಇಳಿಸಲು ಮೆಗ್ನೀಸಿಯಂ ಬಂತು, ಮೋಟಾರಿನ ಮೇಲೆ ಬೇಕಲೈಟಿನ ನಯವಾದ ಮುಚ್ಚಳ. ನೋಡಲು ಅದಕ್ಕೆ ಸಾಟಿಯಿಲ್ಲ. ಕ್ಲೀವ್‌ಲ್ಯಾಂಡಿನ ಕಿರ್ಬಿಯದು ಮಿರಮಿರ ಹೊಳೆಯುವ ಅಲ್ಯುಮಿನಿಯಂ ಎರಕ. ಮುಂದಿನ ತಲೆಯನ್ನು ಕಳಚಿ ಅದೇ ಜಾಗಕ್ಕೆ ಕೊಳವೆ ಸಿಕ್ಕಿಸಬಹುದು. ನನ್ನ ಆಯ್ಕೆ ಕಿರ್ಬಿಯೇ, ಆದರೆ ಅದನ್ನು ಮಹಡಿಗೆ ಹೊತ್ತವರ ಸೊಂಟ ಬೇರೆ ಮಾತಾಡೀತು.

ಫ್ಯಾನನ್ನು ಚೀಲದ ಹಿಂದಕ್ಕೆ ಸರಿಸಿ, ಸೋಸಿದ ಗಾಳಿಯಷ್ಟೇ ತಾಗುವಂತೆ ಮಾಡಿದ ಮೇಲೆ ಪ್ಲಾಸ್ಟಿಕ್ಕಿಗೆ ಬಾಗಿಲು ತೆರೆಯಿತು. ಜೇಮ್ಸ್ ಡೈಸನ್ 5,127 ಮಾದರಿಗಳನ್ನು ಮಾಡಿ ಮುಗಿಸಿದ ಚೀಲವಿಲ್ಲದ ಸುಳಿಗಾಳಿಯ ಯಂತ್ರವೂ, 1993ರ ಡಿಸಿ01, ಇದೇ ದಾರಿಯದು. ಈ ಬದಲಾವಣೆಯನ್ನು ಬರೀ ಅಗ್ಗದ ಕೆಲಸವೆಂದು ತಳ್ಳಿಹಾಕಲಾರೆ. ಹಳೆಯ ಬಟ್ಟೆ ಚೀಲದ ನೇಯ್ಗೆಯಿಂದ ಸಣ್ಣ ಧೂಳು ಮತ್ತೆ ಕೋಣೆಗೇ ತೂರಿಬರುತ್ತಿತ್ತು. ಉಬ್ಬಸದವರೊಬ್ಬರ ಕೈಯಲ್ಲಿ ಹುಟ್ಟಿದ ಯಂತ್ರಕ್ಕೆ ಇದು ಸಣ್ಣ ಕೊರತೆಯಲ್ಲ. ನನಗೆ ನೋವಾಗುವುದು ಬೇರೆ ಕಡೆ. ಹಳೆಯದರಲ್ಲಿ ಸವೆಯುವ ಭಾಗಗಳಿಗೆ, ಅಂದರೆ ರಬ್ಬರ್ ಬೆಲ್ಟು, ಕಾರ್ಬನ್ ಬ್ರಷ್ಷು, ಬೇರಿಂಗುಗಳಿಗೆ, ಸ್ಕ್ರೂಡ್ರೈವರ್ ಹಿಡಿದು ತಲುಪಬಹುದಿತ್ತು. ಈಗಿನ ಅನೇಕ ಯಂತ್ರಗಳಲ್ಲಿ ಪ್ಲಾಸ್ಟಿಕ್ ಕೊಂಡಿಯೊಂದು ಮುರಿದರೆ ಗಟ್ಟಿಯಾಗಿರುವ ಮೋಟಾರೂ ಗುಜರಿಗೆ ಹೋಗುತ್ತದೆ.

ಹಳೆಯದೊಂದು ಕೈಗೆ ಸಿಕ್ಕರೆ ಹೊಳಪಿಗೆ ಮರುಳಾಗಬೇಡಿ. ಬೆಲ್ಟು ಬಿಚ್ಚಿ ಫ್ಯಾನನ್ನು ಬೆರಳಿನಿಂದ ತಿರುಗಿಸಿ. ರೆಕ್ಕೆಯ ಅಂಚು ಚಕ್ಕೆಯೆದ್ದಿದ್ದರೆ ತೂಕ ತಪ್ಪಿ ಬೇರಿಂಗನ್ನು ತಿನ್ನುತ್ತದೆ. ವೈರಿನ ರಬ್ಬರು ಬಿರುಕು ಬಿಟ್ಟಿದ್ದರೆ ಹೊಸದು ಹಾಕಿಸುವ ತನಕ ಪ್ಲಗ್ಗಿಗೆ ಚುಚ್ಚಲೇಬೇಡಿ.