ಬಸಿರಿನಲ್ಲೇ ಈ ತುರಿಕೆ ಏಕೆ?

ಪ್ರಶ್ನೆ: ನನಗೀಗ ಆರು ತಿಂಗಳು. ಬಿಳಿ ಹೋಗುವುದು, ತುರಿಕೆ ಎಂದು ಎರಡನೇ ಸಲ ಡಾಕ್ಟರ ಬಳಿ ಹೋದೆ. ‘ಯೀಸ್ಟ್ ಸೋಂಕು, ಹಾರ್ಮೋನಿನಿಂದ’ ಅಂದರು. ಎರಡಕ್ಕೂ ಏನು ಸಂಬಂಧ?

ಉತ್ತರ: ಹತ್ತಿರದ ಸಂಬಂಧವೇ ಇದೆ. ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಈ ಯೀಸ್ಟ್ ಎಷ್ಟೋ ಹೆಂಗಸರ ಯೋನಿಯಲ್ಲಿ ತಕರಾರಿಲ್ಲದೆ ಇದ್ದುಬಿಟ್ಟಿರುತ್ತದೆ. ಬಸಿರಿನಲ್ಲಿ ಈಸ್ಟ್ರೋಜೆನ್ ಏರಿದಾಗ ಯೋನಿಯ ಒಳಪದರ ದಪ್ಪವಾಗಿ, ಅದರ ಕೋಶಗಳಲ್ಲಿ ಗ್ಲೈಕೋಜೆನ್ ತುಂಬಿಕೊಳ್ಳುತ್ತದೆ. ಅದು ಒಡೆದು ಬರುವ ಸಕ್ಕರೆ ಯೀಸ್ಟಿಗೆ ಊಟ. ಅದನ್ನೇ ಉಂಡು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತವೆ, ನಿಜ. ಪಿಎಚ್ 4ರ ಆಸುಪಾಸಿನ ಆ ಹುಳಿ ಬೇರೆ ಅನೇಕ ರೋಗಾಣುಗಳನ್ನು ದೂರವಿಡುತ್ತದೆ. ಕ್ಯಾಂಡಿಡಾ ಮಾತ್ರ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ.

ಇನ್ನೂ ಸ್ವಾರಸ್ಯವೆಂದರೆ, ಈಸ್ಟ್ರೋಜೆನ್ನನ್ನು ಹಿಡಿದುಕೊಳ್ಳುವ ಪ್ರೋಟೀನ್ ಈ ಯೀಸ್ಟಿನಲ್ಲೇ ಇದೆ! ಪ್ರಯೋಗಶಾಲೆಯಲ್ಲಿ ಹಾರ್ಮೋನು ಸೋಕಿಸಿದರೆ ಅದರ ದುಂಡಗಿನ ಕೋಶಗಳು ಉದ್ದನೆಯ ಎಳೆ ಬಿಡುವುದು ಹೆಚ್ಚುತ್ತದೆ. ಒಳಪದರಕ್ಕೆ ನಾಟಿಕೊಂಡು ಉರಿ, ತುರಿಕೆ ತರುವುದು ಆ ಎಳೆಗಳೇ.

ಅದಕ್ಕೇ ಈಸ್ಟ್ರೋಜೆನ್ ಕಡಿಮೆ ಇರುವ ಮೈನೆರೆಯದ ಹುಡುಗಿಯರಲ್ಲಿ, ವಯಸ್ಸಾಗಿ ಮುಟ್ಟು ನಿಂತವರಲ್ಲಿ ಈ ಸೋಂಕು ಅಪರೂಪ. ಸಕ್ಕರೆ ಕಾಯಿಲೆ ಇದ್ದರೆ ಅಥವಾ ಈಸ್ಟ್ರೋಜೆನ್ ಔಷಧ ತೆಗೆದುಕೊಳ್ಳುತ್ತಿದ್ದರೆ ಮಾತು ಬೇರೆ. ಕೆಲವರಿಗೆ ಮುಟ್ಟಿನ ಹಿಂದಿನ ವಾರ ಕಾಟ ಜಾಸ್ತಿ.

ಮೆಡಿಕಲ್ ಶಾಪಿನಲ್ಲಿ ಕೇಳಿ ಫ್ಲುಕೊನಜೋಲ್ ಮಾತ್ರೆ ನುಂಗಬೇಡಿ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲನ್ನು 7 ದಿನಕ್ಕೆ ಬರೆದುಕೊಡುತ್ತಾರೆ. ಎರಡನೇ ಸಲ ಬಂದಿದೆ ಎಂದಿರಲ್ಲ, ರಕ್ತದ ಸಕ್ಕರೆ ಪರೀಕ್ಷೆ ಬೇಕೇ ಎಂದೂ ನಿಮ್ಮ ಡಾಕ್ಟರನ್ನು ಕೇಳಿಬಿಡಿ.