ಪ್ರಾರ್ಥನೆ ಹೇಳಿದ ಮಾತ್ರಕ್ಕೆ ಕ್ರೈಸ್ತನಾಗುವುದುಂಟೇ?

ಸುವಾರ್ತಾ ಕೂಟಗಳಲ್ಲಿ ಉಪದೇಶ ಮುಗಿದ ಬಳಿಕ ಬೋಧಕರು ಸಭಿಕರಿಗೆ ತಲೆಬಾಗಿ, ಕಣ್ಣುಮುಚ್ಚಿ, ತಾವು ಹೇಳಿಕೊಡುವ ಮಾತುಗಳನ್ನು ಪುನರುಚ್ಚರಿಸುವಂತೆ ಸೂಚಿಸುವುದು ವಾಡಿಕೆ. ತಾನು ಪಾಪಿಯೆಂಬ ಒಪ್ಪಿಗೆ, ಕ್ಷಮಾಯಾಚನೆ, ಯೇಸುಕ್ರಿಸ್ತನು ತನ್ನ ಹೃದಯಕ್ಕೆ ಬರಲೆಂಬ ಕೋರಿಕೆ, ಇಷ್ಟೇ ಅದರ ಸಾರ. ‘ಪಾಪಿಯ ಪ್ರಾರ್ಥನೆ’ ಎಂದು ಕರೆಯಲಾಗುವ ಈ ಕೆಲವೇ ವಾಕ್ಯಗಳನ್ನು ಹೇಳಿದವರು ರಕ್ಷಣೆ ಹೊಂದಿದರೆಂದು ಹಲವೆಡೆ ಅಲ್ಲಿಯೇ ಘೋಷಿಸಲಾಗುತ್ತದೆ. ಅಷ್ಟರಿಂದಲೇ ವ್ಯಕ್ತಿಯೊಬ್ಬನು ಕ್ರೈಸ್ತನಾಗುತ್ತಾನೆಯೇ ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರಲ್ಲಿ ಸುವಾರ್ತಾ ಸಭೆಗಳ ಬೋಧಕರೇ ಸೇರಿದ್ದಾರೆಂಬುದು ಗಮನಾರ್ಹ.

ಇತ್ತೀಚಿನ ಪದ್ಧತಿ

ಕ್ರೈಸ್ತಧರ್ಮದ ಎರಡು ಸಾವಿರ ವರ್ಷಗಳ ಇತಿಹಾಸದಲ್ಲಿ ಈ ಪದ್ಧತಿ ತೀರ ಈಚಿನದು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಬೋಧಕ ಚಾರ್ಲ್ಸ್ ಫಿನ್ನಿ, ಮನಸ್ಸು ಕಲಕಿದವರು ಮುಂದೆ ಬಂದು ಕುಳಿತುಕೊಳ್ಳಲು ಪ್ರತ್ಯೇಕ ಆಸನಗಳನ್ನು ಮೀಸಲಿಡುವ ಕ್ರಮವನ್ನು ಪ್ರಚುರಗೊಳಿಸಿದರು. ಅದೇ ಶತಮಾನದ ಉತ್ತರಾರ್ಧದಲ್ಲಿ ಡಿ. ಎಲ್. ಮೂಡಿ ಅಂಥವರನ್ನು ಬೇರೊಂದು ಕೊಠಡಿಗೆ ಕರೆದು ಮಾತನಾಡಿಸುವ ವ್ಯವಸ್ಥೆ ಮಾಡಿದರು. 20ನೆಯ ಶತಮಾನದಲ್ಲಿ ಬಿಲ್ಲಿ ಗ್ರಹಾಂ ಅವರ ಬೃಹತ್ ಸಭೆಗಳು ಮತ್ತು ಬಿಲ್ ಬ್ರೈಟ್ ಅವರು 1965ರಲ್ಲಿ ಪ್ರಕಟಿಸಿದ ‘ನಾಲ್ಕು ಆತ್ಮಿಕ ನಿಯಮಗಳು’ ಎಂಬ ಕಿರುಹೊತ್ತಗೆ ಈ ಪ್ರಾರ್ಥನೆಯನ್ನು ಲೋಕದೆಲ್ಲೆಡೆ ಹರಡಿದವು. ಹೊತ್ತಗೆಯ ಕೊನೆಯಲ್ಲಿ ಓದುಗನು ಹೇಳಬೇಕಾದ ಪ್ರಾರ್ಥನೆ ಸಿದ್ಧರೂಪದಲ್ಲಿಯೇ ಇತ್ತು.

ಗ್ರಂಥ ಹೇಳುವುದೇನು?

ಹೊಸ ಒಡಂಬಡಿಕೆಯಲ್ಲಿ ಇಂತಹ ಪ್ರಾರ್ಥನೆಯನ್ನು ಒಬ್ಬರು ಹೇಳಿಕೊಟ್ಟು ಇನ್ನೊಬ್ಬರು ಪುನರುಚ್ಚರಿಸಿದ ಪ್ರಸಂಗವಿಲ್ಲ. ಆದರೂ ಪದ್ಧತಿಯ ಸಮರ್ಥಕರಿಗೆ ಆಧಾರಗಳಿಲ್ಲದಿಲ್ಲ. ಯೇಸುವನ್ನು ಕರ್ತನೆಂದು ಬಾಯಿಂದ ಅರಿಕೆಮಾಡಿ ಹೃದಯದಿಂದ ನಂಬುವವನಿಗೆ ರಕ್ಷಣೆಯುಂಟೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ 10ನೆಯ ಅಧ್ಯಾಯದಲ್ಲಿ ಬೋಧಿಸುತ್ತಾನೆ. ಲೂಕನ ಸುವಾರ್ತೆಯಲ್ಲಿ ಎದೆ ಬಡಿದುಕೊಂಡು ಕರುಣೆ ಬೇಡಿದ ಸುಂಕದವನೂ, ಶಿಲುಬೆಯ ಮೇಲೆ ಒಂದೇ ಮಾತಿನ ಕೋರಿಕೆ ಸಲ್ಲಿಸಿದ ಕಳ್ಳನೂ ಅಂಗೀಕೃತರಾಗುತ್ತಾರೆ. ಅಲ್ಲಿ ಮಾತುಗಳು ಕಡಿಮೆಯಾದುದು ಅಡ್ಡಿಯಾಗಲಿಲ್ಲ.

ಇನ್ನೊಂದೆಡೆ, ‘ಕರ್ತನೇ’ ಎಂದು ಕರೆದವರೆಲ್ಲರೂ ಪರಲೋಕರಾಜ್ಯವನ್ನು ಸೇರುವುದಿಲ್ಲವೆಂದು ಮತ್ತಾಯನ ಸುವಾರ್ತೆಯಲ್ಲಿ ಯೇಸುವೇ ಎಚ್ಚರಿಸುತ್ತಾನೆ. ಪಂಚಾಶತ್ತಮ ದಿನದಂದು ತಾವೇನು ಮಾಡಬೇಕೆಂದು ಕೇಳಿದ ಜನರಿಗೆ ಪೇತ್ರನು ಸೂಚಿಸಿದ್ದು ಮಾನಸಾಂತರ ಮತ್ತು ದೀಕ್ಷಾಸ್ನಾನ. ಇನ್ನೂ ಮುಖ್ಯವಾದುದು ಅಪೊಸ್ತಲರ ಕೃತ್ಯಗಳು ಗ್ರಂಥದ 8ನೆಯ ಅಧ್ಯಾಯದ ಮಂತ್ರವಾದಿ ಸೀಮೋನನ ಪ್ರಸಂಗ. ಅವನು ನಂಬಿ ದೀಕ್ಷಾಸ್ನಾನ ಪಡೆದವನೇ ಆಗಿದ್ದರೂ, ಪವಿತ್ರಾತ್ಮನ ವರವನ್ನು ನೀಡುವ ಅಧಿಕಾರವನ್ನು ಹಣ ಕೊಟ್ಟು ಕೊಳ್ಳಹೊರಟಾಗ, ಅವನ ಹೃದಯ ಸರಿಯಿಲ್ಲವೆಂದು ಪೇತ್ರನು ಗದರಿಸುತ್ತಾನೆ. ಆಡಿದ ಮಾತಾಗಲಿ, ಮಾಡಿಸಿಕೊಂಡ ಸಂಸ್ಕಾರವಾಗಲಿ ತನ್ನಷ್ಟಕ್ಕೆ ಮನಃಪರಿವರ್ತನೆಯ ಖಾತರಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಭೆಗಳ ನಿಲುವು

ಪ್ರಾಚೀನ ಸಭೆಯಲ್ಲಿ ಪ್ರವೇಶ ಅವಸರದ ವಿಷಯವಾಗಿರಲಿಲ್ಲ. ಹಿಪ್ಪೊಲಿಟಸನ ಹೆಸರಿನಲ್ಲಿ ಉಳಿದುಬಂದಿರುವ ‘ಅಪೊಸ್ತಲಿಕ ಸಂಪ್ರದಾಯ’ ಎಂಬ ಗ್ರಂಥವು ದೀಕ್ಷಾರ್ಥಿಗಳಿಗೆ 3 ವರ್ಷಗಳ ಶಿಕ್ಷಣವನ್ನು ವಿಧಿಸುತ್ತದೆ; ಶ್ರದ್ಧೆಯುಳ್ಳವರಿಗೆ ಆ ಅವಧಿಯನ್ನು ಸಡಿಲಿಸಲು ಅವಕಾಶವೂ ಇದೆ. ಕಥೋಲಿಕ ಸಭೆಯು ವಯಸ್ಕರಿಗಾಗಿ ಇದೇ ಮಾದರಿಯ ಹಂತಹಂತದ ದೀಕ್ಷಾಕ್ರಮವನ್ನು 1972ರಲ್ಲಿ ಮತ್ತೆ ಜಾರಿಗೆ ತಂದಿತು. ಕಥೋಲಿಕ, ಆರ್ಥೊಡಾಕ್ಸ್ ಹಾಗೂ ದಕ್ಷಿಣ ಭಾರತ ಸಭೆಗಳಲ್ಲಿ ಸದಸ್ಯತ್ವದ ದ್ವಾರ ದೀಕ್ಷಾಸ್ನಾನವೇ. ಬ್ಯಾಪ್ಟಿಸ್ಟರಿಗೆ ಮೊದಲು ವೈಯಕ್ತಿಕ ನಂಬಿಕೆ, ಅನಂತರ ಅದರ ಬಹಿರಂಗ ಸಾಕ್ಷಿಯಾಗಿ ಸ್ನಾನ.

ಆ ಬ್ಯಾಪ್ಟಿಸ್ಟರಲ್ಲಿಯೇ 2012ರಲ್ಲಿ ವಿವಾದ ಭುಗಿಲೆದ್ದಿತು. ಅಲಬಾಮಾದ ಸಭಾಪಾಲಕರಾಗಿದ್ದ ಡೇವಿಡ್ ಪ್ಲಾಟ್, ಈ ಪ್ರಾರ್ಥನೆಯನ್ನು ನೆಚ್ಚುವುದು ಮೂಢನಂಬಿಕೆಗೆ ಸಮವೆಂಬರ್ಥದಲ್ಲಿ ಟೀಕಿಸಿದರು. ಅದೇ ವರ್ಷ ನ್ಯೂ ಆರ್ಲಿಯನ್ಸ್ ನಗರದಲ್ಲಿ ಸೇರಿದ ಸದರ್ನ್ ಬ್ಯಾಪ್ಟಿಸ್ಟ್ ಅಧಿವೇಶನವು ಪ್ರಾರ್ಥನೆಯನ್ನು ಸಮರ್ಥಿಸಿ ನಿರ್ಣಯ ಅಂಗೀಕರಿಸಿತಾದರೂ, ಅದು ಉಚ್ಚರಿಸಿದ ಮಾತ್ರಕ್ಕೆ ಫಲ ಕೊಡುವ ಮಂತ್ರವಲ್ಲವೆಂದು ಅದೇ ನಿರ್ಣಯದಲ್ಲಿ ಸ್ಪಷ್ಟಪಡಿಸಿತು. ಹೀಗೆ ಉಭಯ ಪಕ್ಷಗಳೂ ಮೂಲಭೂತ ವಿಷಯದಲ್ಲಿ ಒಂದಾಗಿದ್ದವು.

ಭಾರತದಲ್ಲಿ ಪ್ರಶ್ನೆಯ ತೂಕ

ಭಾರತದಲ್ಲಿ ಇದು ಕೇವಲ ದೇವತಾಶಾಸ್ತ್ರದ ಚರ್ಚೆಯಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮಗಳ ಹೊರಗಿನವರಿಗೆ ಆ ಸ್ಥಾನಮಾನವಿಲ್ಲ. ಆದ್ದರಿಂದ ದಲಿತ ವ್ಯಕ್ತಿಯೊಬ್ಬನು ಕ್ರೈಸ್ತನೇ ಅಲ್ಲವೇ ಎಂಬುದು ಉದ್ಯೋಗ, ಮೀಸಲಾತಿಗಳ ಪ್ರಶ್ನೆಯೂ ಆಗುತ್ತದೆ. ಪುದುಚೇರಿಯ ಪ್ರಕರಣವೊಂದರಲ್ಲಿ 2024ರ ನವೆಂಬರ್‌ನಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಅರ್ಜಿದಾರರ ದೀಕ್ಷಾಸ್ನಾನವನ್ನೂ ಅವರು ನಿಯಮಿತವಾಗಿ ಚರ್ಚಿಗೆ ಹೋಗುತ್ತಿದ್ದುದನ್ನೂ ಪರಿಗಣಿಸಿ ಪರಿಶಿಷ್ಟ ಜಾತಿ ಪ್ರಮಾಣಪತ್ರದ ಬೇಡಿಕೆಯನ್ನು ತಿರಸ್ಕರಿಸಿತು. ನ್ಯಾಯಾಲಯ ಅಳೆದದ್ದು ಬಾಯಿಮಾತಿನ ಘೋಷಣೆಯನ್ನಲ್ಲ, ನಡವಳಿಕೆಯನ್ನು.

ಒಟ್ಟಿನಲ್ಲಿ, ಪ್ರಾರ್ಥನೆಯು ನಂಬಿಕೆಯ ಆರಂಭವನ್ನು ನುಡಿಯಬಲ್ಲದು. ನಂಬಿಕೆಯ ಸ್ಥಾನವನ್ನು ತುಂಬಲಾರದು. ಅದನ್ನು ಯಾಂತ್ರಿಕವಾಗಿ ಹೇಳಿದವನಿಗೆ ಅದರಿಂದ ಭರವಸೆಯಿಲ್ಲ. ಎಂದೂ ಹೇಳದೆ ಕ್ರಿಸ್ತನನ್ನು ನಂಬಿ ಬಾಳುತ್ತಿರುವವನಿಗೆ ಅದರಿಂದ ಕೊರತೆಯೂ ಇಲ್ಲ. ಬಾಲ್ಯದಲ್ಲಿ ಹೇಳಿದ ಪ್ರಾರ್ಥನೆ ಸರಿಯಿತ್ತೋ ಇಲ್ಲವೋ ಎಂದು ಕಳವಳಪಡುವವರು ಹಳೆಯ ದಿನಾಂಕವನ್ನು ಹುಡುಕುವುದಕ್ಕಿಂತ, ಇಂದು ತಮ್ಮಲ್ಲಿ ಪಶ್ಚಾತ್ತಾಪವೂ ವಿಶ್ವಾಸವೂ ಇವೆಯೇ ಎಂದು ನೋಡಿಕೊಳ್ಳುವುದು ಸೂಕ್ತ.